ದೇಶ ಬದಲಿಸಿದ ಪುಟ್ಟರಾಜಣ್ಣ

ಪುಟ್ಟರಾಜಣ್ಣ ಇಪ್ಪತ್ತು ವರ್ಷ ವಿಡಿಯೋ ಗೇಮ್ ಮಾರಿದರು, ಆದರೆ ಒಂದು ದಿನವೂ ಆಡಿದವರಲ್ಲ. ವೆಸ್ಟ್ ಮಾಂಬಲಂನಲ್ಲಿ ಸ್ಟೇಷನ್ನಿನ ಮೆಟ್ಟಿಲಿಳಿದು, ಹೂವಿನವರನ್ನು ದಾಟಿ ಎಡಕ್ಕೆ ತಿರುಗಿದರೆ ಸಿಗುವ ಸಂದಿಯಲ್ಲಿ ಅವರ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ಕಾಯಬೇಕು. ಗೋಡೆಯ ತುಂಬ ಬಂದೂಕು ಹಿಡಿದವರು, ರಾಕ್ಷಸರು, ಬೆಂಕಿ ಉಗುಳುವ ಕಾರುಗಳು. ಅವುಗಳ ನಡುವೆ ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಬಳಿದುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಕೂತ ಐವತ್ತೈದರ ಮನುಷ್ಯ. ಯಾರಾದರೂ ಹಳೆಯ ಡಿಸ್ಕ್ ತಂದರೆ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಗೀರು ಹುಡುಕುತ್ತಿದ್ದರು. ಹೊಸ ಆಟ ಕೇಳಿದರೆ ಬೆಲೆಗಿಂತ ಮೊದಲು ಅವರದೊಂದು ಪ್ರಶ್ನೆ ಇರುತ್ತಿತ್ತು: "ಆಡೋದು ಯಾರು?" ಮಗುವಿಗೆ ಎಂದರೆ ರಕ್ತ ಚಿಮ್ಮುವ ಆಟವನ್ನು ಯಾವ ಕಾರಣಕ್ಕೂ ಕೊಡುತ್ತಿರಲಿಲ್ಲ. ಗಿರಾಕಿ ಮುನಿಸಿಕೊಂಡು ಹೋದರೆ, ಹೋಗಲಿ ಬಿಡು ಎಂಬಂತೆ ತಮಿಳಿನಲ್ಲಿ "ಪೋಗಟ್ಟುಂ" ಎಂದು ಮತ್ತೆ ಡಿಸ್ಕ್ ಒರೆಸುತ್ತ ಕೂರುತ್ತಿದ್ದರು.

ಅವರು ಕನ್ನಡದವರೆಂದು ನನಗೆ ಗೊತ್ತಾದದ್ದು ಆಕಸ್ಮಿಕವಾಗಿ. ನನ್ನ ತಮ್ಮ ಸುಹಾಸನಿಗೆ ಆಟ ಕೊಳ್ಳಲು ಹೋದಾಗ ಅವರು ಫೋನಿನಲ್ಲಿ ಹೆಂಡತಿಗೆ, "ಬಸ್ಸಾರಿಗೆ ಸೊಪ್ಪು ವಸಿ ಜಾಸ್ತೀನೇ ಹಾಕು" ಎನ್ನುತ್ತಿದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಅವರ ಮುಖ ಅರಳಿತು. ಅವರ ತಾತ ಕೊಳ್ಳೇಗಾಲದ ಕಡೆಯಿಂದ ರೇಷ್ಮೆ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತವರಂತೆ. ಪುಟ್ಟರಾಜಣ್ಣನ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳಿದ್ದರೂ ಆ 'ವಸಿ' ಮಾತ್ರ ಮೂರು ತಲೆಮಾರು ದಾಟಿ ಉಳಿದುಕೊಂಡಿತ್ತು.

ಸುಹಾಸನಿಗೆ ಹದಿಮೂರನೆಯ ವಯಸ್ಸಿನಲ್ಲಿ ಮಾಂಸಖಂಡಗಳು ಸೋಲುವ ಕಾಯಿಲೆ ಕಾಣಿಸಿಕೊಂಡಿತು. ಮೊದಲು ಕಾಲು ಹೋಯಿತು, ಆಮೇಲೆ ತೋಳು. ರೈಲ್ವೆಯಲ್ಲಿದ್ದ ಅಪ್ಪ ಆ ಹೊತ್ತಿಗೆ ತೀರಿಕೊಂಡಿದ್ದರು. ನಾನು ಬ್ಯಾಂಕಿಗೆ ಹೋದರೆ ಮನೆಯಲ್ಲಿ ಅಮ್ಮ ಮತ್ತು ಅವನು. ಇಪ್ಪತ್ತು ತುಂಬುವ ಹೊತ್ತಿಗೆ ಅವನ ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳುಗಳಲ್ಲಿ ಮಾತ್ರ ನೆಚ್ಚಬಹುದಾದ ಶಕ್ತಿ ಇತ್ತು.

ಆಟದ ಪೆಟ್ಟಿಗೆಯೊಳಗೆ ಡಿಸ್ಕ್ ಹಾಕಲು ಅವನಿಗೆ ಆಗುತ್ತಿಲ್ಲವೆಂದು ಹೇಳಿದ ದಿನ ಪುಟ್ಟರಾಜಣ್ಣ ಅಂಗಡಿಯ ಬಾಗಿಲೆಳೆದು ನನ್ನ ಜೊತೆಯೇ ಮನೆಗೆ ಬಂದರು. ಸುಹಾಸನ ಕೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು, "ಯಾವ ಬೆರಳು ಎಲ್ಲಿ ತಂಕ ಹೋಗುತ್ತಪ್ಪಾ, ತೋರ್ಸು" ಎಂದರು. ಎರಡು ದಿನ ಓಡಾಡಿ, ಯಾರಿಂದಲೋ ಒಂದು ಹಲಗೆಗೆ ಆಟಕ್ಕೆ ಒತ್ತುವ ದೊಡ್ಡ ಗುಂಡಿಗಳನ್ನು ಕೂರಿಸಿಕೊಂಡು ಬಂದರು. ಇಂಟರ್ನೆಟ್ಟಿನಲ್ಲೇ ಆಟ ಕೊಳ್ಳುವ ಅಂಗಡಿಯಲ್ಲಿ ಅವನ ಹೆಸರಿನಲ್ಲಿ ಖಾತೆ ತೆರೆದುಕೊಟ್ಟರು. "ಇನ್ಮೇಲೆ ನಿಂಗೆ ಈ ಪುಟ್ಟರಾಜು ಅಂಗಡಿ ಬೇಡ. ಡಿಸ್ಕೂ ಇಲ್ಲ, ಗೀರೂ ಇಲ್ಲ. ಸೆರಿಯಾ?" ಎಂದು ನಕ್ಕರು. ತಮ್ಮ ಗಿರಾಕಿಯನ್ನು ತಾವೇ ಕಳಿಸಿಕೊಟ್ಟ ಮೇಲೂ ತಿಂಗಳಿಗೊಮ್ಮೆ ಬಂದು ಗುಂಡಿಗಳ ಧೂಳು ಒರೆಸಿ ಹೋಗುತ್ತಿದ್ದರು.

ಆ ಖಾತೆಯೇ ಸುಹಾಸನ ಊರಾಯಿತು. ಹಡಗು ಕಟ್ಟಿ ದ್ವೀಪ ಹುಡುಕುವ ಒಂದು ಆಟದಲ್ಲಿ ಅವನಿಗೆ ನಾಲ್ವರು ಗೆಳೆಯರು ಸಿಕ್ಕರು. ನಾಲ್ಕು ದೇಶದವರು. ಪ್ರತಿ ಶನಿವಾರ ಮಧ್ಯಾಹ್ನ ಅವರೆಲ್ಲ ಸೇರುತ್ತಿದ್ದರು, ಚುಕ್ಕಾಣಿ ಸುಹಾಸನದು. ಅವನು ಗಾಲಿಕುರ್ಚಿಯಲ್ಲಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ. ಅವರ ನಿಜವಾದ ಹೆಸರುಗಳು ಅವನಿಗೂ ಗೊತ್ತಿರಲಿಲ್ಲ. ಆಟದಲ್ಲಿ ಒಬ್ಬನ ಹೆಸರು ನೀಲಿ ಆಮೆ ಎಂದೇನೋ ಇತ್ತು.

ಎರಡು ವರ್ಷದ ಹಿಂದೆ ಆ ಗೆಳೆಯರು ಹೊಸದೊಂದು ಆಟಕ್ಕೆ ಹೋದರು. ಅದನ್ನು ಒಂದೇ ಗುಂಡಿಯಿಂದ ಆಡಬಹುದಾಗಿತ್ತು. ದಿನದಿನಕ್ಕೆ ಬೆರಳು ಸೋಲುತ್ತಿದ್ದ ಸುಹಾಸನಿಗೆ ಅದು ಹೇಳಿ ಮಾಡಿಸಿದಂತಿತ್ತು. ಆದರೆ ಕೊಳ್ಳಲು ಹೋದರೆ ಪರದೆಯ ಮೇಲೆ ಒಂದೇ ಸಾಲು: ನಿಮ್ಮ ಪ್ರದೇಶದಲ್ಲಿ ಇದು ಲಭ್ಯವಿಲ್ಲ.

ನಾನು ಪುಟ್ಟರಾಜಣ್ಣನ ಬಳಿಗೆ ಓಡಿದೆ. ಒಂದೇ ಆಟ ಒಂದೊಂದು ದೇಶದಲ್ಲಿ ಒಂದೊಂದು ಬೆಲೆ, ಕೆಲವು ಕಡೆ ಮಾರುವುದೇ ಇಲ್ಲ ಎಂದು ನನಗೆ ಬಿಡಿಸಿ ಹೇಳಿದವರು ಅವರೇ. "ಪೊನ್ನಿ ಅಕ್ಕಿ ಮಾಂಬಲದಲ್ಲಿ ಒಂದು ರೇಟು, ಅಡ್ಯಾರ್‌ನಲ್ಲಿ ಒಂದು ರೇಟು ಇರಲ್ವಾ, ಹಂಗೇ ಕಣಮ್ಮ. ಆದ್ರೆ ಅಡ್ಯಾರ್‌ನೋನು ಬಸ್ ಹತ್ತಿ ಬಂದು ಇಲ್ಲಿ ತಗೊಂಡು ಹೋಗ್ಬಹುದು. ಇದ್ರಲ್ಲಿ ಬಸ್ಸೇ ಇಲ್ಲ."

ಬಸ್ಸು ಇಲ್ಲದಿದ್ದರೂ ಕಳ್ಳದಾರಿ ಇತ್ತು. ಖಾತೆ ಬೇರೆ ದೇಶದಲ್ಲಿದೆ ಎಂದು ಸುಳ್ಳು ತೋರಿಸಿ, ಆ ದೇಶದ ಕಾರ್ಡಿನಿಂದ ಕೊಳ್ಳುವುದು. ಅಗ್ಗದ ದೇಶ ನೋಡಿ ಎಷ್ಟೋ ಅಂಗಡಿಯವರು ಅದನ್ನೇ ದಂಧೆ ಮಾಡಿಕೊಂಡಿದ್ದರು. ಪುಟ್ಟರಾಜಣ್ಣನೂ ಒಂದಿಬ್ಬರು ಹಟ ಹಿಡಿದಾಗ ಮಾಡಿಕೊಟ್ಟಿದ್ದರು. ಆದರೆ ಸುಹಾಸನ ವಿಷಯದಲ್ಲಿ ಬೇಡವೆಂದು ತಲೆಯಾಡಿಸಿಬಿಟ್ಟರು.

"ಬೇರೆಯವರದ್ದು ಬೇರೆ. ಅವನದ್ದು ಹನ್ನೊಂದು ವರ್ಷದ ಖಾತೆ. ಸಿಕ್ಕಿಬಿದ್ರೆ ಎಲ್ಲಾನೂ ಮುಚ್ಚಿಬಿಡ್ತಾರೆ. ವೇಂಡಾಮ್ಮಾ, ಬೇಡ."

"ಅವನ ಬೆರಳು ಇನ್ನೆಷ್ಟು ದಿನ ಇರುತ್ತೆ ಅಣ್ಣಾ?" ಎಂದೆ. ಅವರು ಮತ್ತೆ ತಲೆಯಾಡಿಸಿದರು. ನಾನು ಬಿಡಲಿಲ್ಲ. "ನೀವು ಮಾಡಲ್ಲ ಅಂದ್ರೆ ಬೇರೆ ಕಡೆ ಮಾಡಿಸ್ತೀನಿ."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಯಾವನೋ ಅರೆಬರೆ ಮಾಡಿ ಕೆಡಿಸೋದಕ್ಕಿಂತ ನಾನೇ ಮಾಡ್ತೀನಿ" ಎಂದರು.

ಐದು ತಿಂಗಳು ಎಲ್ಲ ಚೆನ್ನಾಗಿತ್ತು. ಶನಿವಾರದ ಮಧ್ಯಾಹ್ನ ಸುಹಾಸನ ಕೋಣೆಯಿಂದ ನಗು ಕೇಳಿಸುತ್ತಿತ್ತು. ಆಮೇಲೊಂದು ಬೆಳಿಗ್ಗೆ ಅವನು ನನ್ನನ್ನು ಕೂಗಿದ. ಪರದೆಯ ಮೇಲೆ, ವಾಸದ ದೇಶವನ್ನು ತಪ್ಪಾಗಿ ತೋರಿಸಿದ ಕಾರಣ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ ಎಂದಿತ್ತು. ಕೊಂಡ ಆಟಗಳೆಲ್ಲ ಹೋದವು. ಗೆಳೆಯರ ಪಟ್ಟಿಯೂ ಅದರೊಳಗೇ ಇತ್ತು.

ಸುದ್ದಿ ಕೇಳಿ ಪುಟ್ಟರಾಜಣ್ಣ ಬಿಸಿಲಲ್ಲಿ ನಡೆದೇ ಬಂದರು. ಬಾಗಿಲಲ್ಲೇ ನಿಂತು, "ತಪ್ಪು ನಂದಪ್ಪಾ. ನಾನೇ ಮಾಡಿದ್ದು" ಎಂದರು. ನಾನು ಬಲವಂತ ಮಾಡಿದ್ದನ್ನು ಬಾಯಿಬಿಡಲಿಲ್ಲ. ನಾನೂ ಬಿಡಲಿಲ್ಲ. ಸುಹಾಸ ಅವರತ್ತ ನೋಡದೆ, "ಅವರೆ ಉಳ್ಳೆ ವಿಡಾದೇ ಅಕ್ಕಾ" ಎಂದ. ಒಳಗೆ ಬಿಡಬೇಡ ಎಂಬುದನ್ನು ತಮಿಳಿನಲ್ಲಿ ಕೇಳಿದ ಅಮ್ಮ ಕಾಫಿ ಲೋಟ ಹಿಡಿದು ಅಲ್ಲೇ ನಿಂತುಬಿಟ್ಟರು. ಪುಟ್ಟರಾಜಣ್ಣ ಕಾಫಿ ಮುಟ್ಟದೆ ಇಳಿದುಹೋದರು.

ಕಂಪನಿಗೆ ಅವರು ಬರೆದ ಪತ್ರವನ್ನು ಇಂಗ್ಲಿಷಿಗೆ ಮಾಡಿಕೊಟ್ಟವಳು ನಾನು. 'ಈ ಹುಡುಗ ಮನೆಯಿಂದ ಹೊರಗೆ ಹೋದವನಲ್ಲ, ದೇಶ ಬದಲಿಸಿದ್ದು ನನ್ನ ಕೈ, ಶಿಕ್ಷೆ ನನಗೆ ಕೊಡಿ' ಎಂದಿತ್ತು. ಡಾಕ್ಟರ ಪತ್ರವನ್ನೂ ಜೊತೆಗಿಟ್ಟೆವು. ನಿರ್ಧಾರ ಬದಲಾಗದು ಎಂದು ಎರಡು ನಿಮಿಷದಲ್ಲಿ ಉತ್ತರ ಬಂತು. ಮತ್ತೆ ಬರೆದಾಗಲೂ ಅದೇ ಉತ್ತರ, ಅಕ್ಷರಕ್ಕೆ ಅಕ್ಷರ. "ಓದೋಕೆ ಮನುಷ್ಯರೇ ಇಲ್ವೇನಮ್ಮ ಅಲ್ಲಿ?" ಎಂದು ಪುಟ್ಟರಾಜಣ್ಣ ಕೇಳಿದರು. ದೇಶ ಬದಲಿಸಿಕೊಟ್ಟಿದ್ದ ಉಳಿದ ಗಿರಾಕಿಗಳನ್ನೂ ಕರೆದು, ಹೀಗಾಗಬಹುದು ಎಂದು ತಾವೇ ಎಚ್ಚರಿಸಿದರು. ಒಬ್ಬ ಅಂಗಡಿಯೆದುರೇ ನಿಂತು ಬಾಯಿಗೆ ಬಂದಂತೆ ಬೈದ.

ಸುಹಾಸ ಗೋಡೆಗೆ ಮುಖ ಮಾಡಿ ಮಲಗಿದ. ಹೊಸ ಖಾತೆ ತೆರೆಯೋಣವೆಂದರೆ "ವೇಂಡಾಂ" ಎನ್ನುತ್ತಿದ್ದ. ಒಮ್ಮೆ ಮಾತ್ರ, "ನಾನು ಸತ್ತೆ ಅಂದ್ಕೊಂಡಿರ್ತಾರೆ" ಎಂದ. ಅದನ್ನು ಪುಟ್ಟರಾಜಣ್ಣನಿಗೆ ಹೇಳಿದೆ. ಅವರು ಪೆನ್ನು ತೆಗೆದು, "ಆ ಹುಡುಗ್ರ ಹೆಸರೇನಮ್ಮ?" ಎಂದರು. ನನಗೆ ನೆನಪಿದ್ದ ಎರಡನ್ನು ಹೇಳಿದೆ. ಅವರು ಕನ್ನಡ ಅಕ್ಷರದಲ್ಲಿ ಬರೆದುಕೊಂಡರು.

ಗೆಳೆಯರು ಮೊದಲು ಆಡುತ್ತಿದ್ದ ಹಡಗಿನ ಆಟ ಇಲ್ಲೂ ಮಾರಾಟಕ್ಕಿತ್ತು. ಅವರಲ್ಲಿ ಯಾರಾದರೂ ಅಲ್ಲಿಗೆ ಮತ್ತೆ ಬಂದಾರೆಂಬ ಆಸೆಯಿಂದ ಪುಟ್ಟರಾಜಣ್ಣ ತಮ್ಮ ಹೆಸರಿನಲ್ಲೇ ಖಾತೆ ತೆರೆದರು. ದೇಶ ಎಂದಿದ್ದಲ್ಲಿ ಭಾರತ ಎಂದೇ ತುಂಬಿಸಿದರು. ಜನ್ಮದಲ್ಲಿ ಆಡದ ಮನುಷ್ಯ ಅಂಗಡಿಯ ಸ್ಟೂಲಿನ ಮೇಲೆ ಬೆನ್ನು ಬಗ್ಗಿಸಿ ಕೂತು, ಗಿರಾಕಿಗಳು ನಗುತ್ತಿರುವಂತೆಯೇ ಆಡತೊಡಗಿದರು. ಸಂಜೆ ನಾನು ಬ್ಯಾಂಕಿನಿಂದ ಬರುವಾಗ ವರದಿ ಸಿಗುತ್ತಿತ್ತು. "ಇವತ್ತು ಏಳು ಸಲ ಮುಳುಗ್ದೆ ಕಣಮ್ಮ." "ಇವತ್ತು ಒಬ್ಬ ನನ್ನ ಹಡಗಿಗೆ ಬೆಂಕಿ ಇಟ್ಟ. ಯಾಕಪ್ಪಾ ಅಂತ ಕೇಳಿದ್ರೆ ಇನ್ನೊಂದು ಸಲ ಇಟ್ಟ." ಸಿಕ್ಕ ಸಿಕ್ಕವರನ್ನೆಲ್ಲ, ಮುರುಕು ಇಂಗ್ಲಿಷಿನಲ್ಲಿ, ನೀಲಿ ಆಮೆ ಗೊತ್ತಾ ಎಂದು ಕೇಳುತ್ತಿದ್ದರು. ಜನ ಅವರನ್ನು ಹುಚ್ಚನೆಂದುಕೊಂಡಿರಬೇಕು.

ಏಳನೆಯ ವಾರ ನೀಲಿ ಆಮೆ ಸಿಕ್ಕಿದ. ನಾನು ಅಂಗಡಿಗೆ ಕಾಲಿಟ್ಟ ಕೂಡಲೇ ಪುಟ್ಟರಾಜಣ್ಣ ತಮ್ಮ ಟ್ಯಾಬನ್ನು ನನ್ನ ಮುಂದೆ ಹಿಡಿದರು. "ಇವನಿಗೆ ಏನಂತ ಬರೀಲಮ್ಮ? ಕಾಯಿಲೆ ವಿಷ್ಯ ಹೇಳಕೂಡದು, ಅದು ಹುಡುಗನಿಗೆ ಇಷ್ಟ ಇಲ್ಲ" ಎಂದರು. ಚುಕ್ಕಾಣಿ ಹಿಡಿಯುವವನು ಜೀವಂತವಾಗಿದ್ದಾನೆ, ಖಾತೆ ಮುಚ್ಚಿದ್ದಾರೆ ಎಂದಷ್ಟೇ ಬರೆದೆವು. ತಕ್ಷಣ ಉತ್ತರ ಬಂತು. ನಾವು ನಾಲ್ವರೂ ಅವನನ್ನು ಹುಡುಕುತ್ತಿದ್ದೇವೆ, ಎಲ್ಲಿದ್ದಾನೆ?

ಆ ವಾರವೇ ಸುಹಾಸನ ಎದೆಯಲ್ಲಿ ಕಫ ಕಟ್ಟಿ ಕೀಲ್ಪಾಕ್‌ನ ಆಸ್ಪತ್ರೆಗೆ ಸೇರಿಸಿದ್ದೆವು. ಅವನ ಹಾಸಿಗೆಯ ಪಕ್ಕ ಕೂತು ನೀಲಿ ಆಮೆಯ ವಿಷಯ ಹೇಳಿದೆ. ಬೆನ್ನಿಗೇ ಉಳಿದದ್ದನ್ನೂ ಹೇಳಿದೆ: ಅವರು ಬೇಡವೆಂದಿದ್ದರು, ಹೆದರಿಸಿ ಮಾಡಿಸಿದವಳು ನಾನು, ಎದುರು ನಿಂತು ಬೈಸಿಕೊಂಡವರು ಅವರು. ಸುಹಾಸ ಕಣ್ಣು ಮುಚ್ಚಿಕೊಂಡ. ಕೊನೆಗೆ, "ಅಣ್ಣನ್ನ ಕರಿ" ಎಂದ.

ಪುಟ್ಟರಾಜಣ್ಣ ವಾರ್ಡಿಗೆ ಬಂದು ಕಾಲಬುಡದಲ್ಲಿ ನಿಂತರು. ಸುಹಾಸನೇ ಕೇಳಿದ, "ಎಷ್ಟನೇ ಲೆವೆಲ್ ಅಣ್ಣಾ?"

"ಮೂರು."

"ಏಳು ವಾರಕ್ಕಾ?"

"ಮುಳುಗಿಸ್ತಾನೇ ಇರ್ತಾರಪ್ಪಾ, ನಾನೇನ್ ಮಾಡ್ಲಿ."

ಸುಹಾಸನಿಗೆ ನಗು ಬಂತು, ನಗು ಕೆಮ್ಮಾಯಿತು. ಪುಟ್ಟರಾಜಣ್ಣ ಗಾಬರಿಯಿಂದ ಅವನ ಬೆನ್ನು ಹಿಡಿದು ಕೂರಿಸಿದರು. ಕೆಮ್ಮು ನಿಂತ ಮೇಲೂ ಆ ಕೈ ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ ಸುಹಾಸ ಹೊಸ ಖಾತೆ ತೆರೆದ. ಗೆಳೆಯರು ಹೊಸ ಆಟವನ್ನು ಉಡುಗೊರೆಯಾಗಿ ಕಳಿಸಲು ನೋಡಿದರು. ಇಲ್ಲಿ ಮಾರದ ಆಟವೆಂದು ಅದೂ ಗಡಿಯಲ್ಲೇ ನಿಂತಿತು. ಹಾಗಾಗಿ ಅವನಿಗೋಸ್ಕರ ಅವರೇ ಶನಿವಾರ ಹಳೆಯ ಹಡಗಿಗೆ ವಾಪಸಾದರು. ಅದರಲ್ಲಿ ಹಲವು ಗುಂಡಿ ಒತ್ತಬೇಕು. ಸುಹಾಸ ಬೇಗ ದಣಿಯುತ್ತಿದ್ದ. ಒಂದು ತಾಸಿದ್ದದ್ದು ಅರ್ಧ ತಾಸಾಯಿತು, ಆಮೇಲೆ ಇನ್ನೂ ಕಡಿಮೆ. ಅವನು ಕೈಬಿಟ್ಟಾಗ ಚುಕ್ಕಾಣಿಗೆ ಬರುತ್ತಿದ್ದವರು ಪುಟ್ಟರಾಜಣ್ಣ. ಹಡಗು ಬಂಡೆಗೆ ಬಡಿದಾಗ ನಾಲ್ಕು ದೇಶದವರೂ ಕೂಗಿಕೊಳ್ಳುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

ಈ ವರ್ಷ ಮಾರ್ಗಳಿ ತಿಂಗಳ, ಅಂದರೆ ನಮ್ಮ ಧನುರ್ಮಾಸದ, ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಲೇ ಪುಟ್ಟರಾಜಣ್ಣ ಕುಸಿದರಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು.

ಹದಿಮೂರು ದಿನ ಕಳೆದ ಮೇಲೆ ಅವರ ಹೆಂಡತಿ ಚೆಲುವಮ್ಮ ನಮ್ಮ ಮನೆಗೆ ಬಂದರು. ಸೆರಗಿನಲ್ಲಿ ಗಂಡನ ಟ್ಯಾಬ್ ಸುತ್ತಿಕೊಂಡಿದ್ದರು. "ಇದ್ರಲ್ಲಿ ಯಾರೋ ಇಂಗ್ಲಿಷಿನಲ್ಲಿ ಬರೀತಾನೇ ಅವ್ರೆ ಕನವ್ವ. ನಂಗೆ ಓದಕ್ಕೆ ಬರಲ್ಲ. ಸಾಲದೋರಾ, ಗಿರಾಕಿಗಳಾ, ಒಂದೂ ತಿಳೀದು" ಎಂದರು.

ಎರಡು ಶನಿವಾರದಿಂದ ಸುಹಾಸನೂ ಆಟಕ್ಕೆ ಹೋಗಿರಲಿಲ್ಲ. ಟ್ಯಾಬ್ ತೆರೆದು ನೋಡಿದೆ. ಅದೇ ನಾಲ್ವರು. ಅಣ್ಣ ಎಲ್ಲಿ, ಯಾಕೆ ಬರಲಿಲ್ಲ, ಆರೋಗ್ಯವಾಗಿದ್ದಾರೆಯೇ ಎಂದು ಸಾಲು ಸಾಲಾಗಿ ಬರೆದಿದ್ದರು. ಅಣ್ಣ ಎಂಬ ಪದವನ್ನು ಕನ್ನಡದಲ್ಲಿದ್ದಂತೆಯೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು.

ನಾನು ಉತ್ತರ ಬರೆಯಲು ಹೊರಟೆ. ಸುಹಾಸ ಬೇಡವೆಂದು ತಲೆಯಾಡಿಸಿ ಟ್ಯಾಬನ್ನು ತನ್ನ ತೊಡೆಯ ಮೇಲಿಡಿಸಿಕೊಂಡ. ಒಂದೊಂದು ಅಕ್ಷರಕ್ಕೂ ಬೆರಳನ್ನು ಎತ್ತಿ ಇಡಬೇಕಿತ್ತು. ಚೆಲುವಮ್ಮ ನೆಲದ ಮೇಲೆ ಕೂತು ಅವನ ಬೆರಳನ್ನೇ ನೋಡುತ್ತಿದ್ದರು. ಬರೆದು ಮುಗಿದಾಗ, "ಏನಂತ ಬರ್ದೆಯಪ್ಪಾ?" ಎಂದು ಕೇಳಿದರು.

ಸುಹಾಸ ಅವರಿಗಾಗಿ ಕನ್ನಡದಲ್ಲಿ ತಡವರಿಸುತ್ತ ಹೇಳಿದ: "ಅಣ್ಣ ತೀರಿಕೊಂಡ್ರು ಅಂತ. ಅವರಿಗೆ ಆಡೋಕೆ ಬರ್ತಾ ಇರ್ಲಿಲ್ಲ, ನನಗೋಸ್ಕರ ಆಡ್ತಾ ಇದ್ರು ಅಂತ."