ಹಾರೆ ಇಳಿಯದ ನೆಲ

ಪ್ರಿಯದರ್ಶಿನಿ ಉತ್ತರಕ್ಕೆ ಹೊರಟದ್ದು 2013ರ ಏಪ್ರಿಲ್ ಹದಿನೆಂಟರಂದು, ಒಂಬತ್ತನೆಯ ತರಗತಿಯ ಫಲಿತಾಂಶ ಬಂದ ಆರನೆಯ ದಿನ. ಆಗ ಅವಳಿಗೆ ಹದಿನೈದು ವರ್ಷ. ಅಪ್ಪ ಉಜ್ಜನಪ್ಪ ಭದ್ರಾವತಿಯಲ್ಲಿ ಗುತ್ತಿಗೆಯ ವೆಲ್ಡರ್. ಊರಿನಲ್ಲಿ ಕೆಲಸ ವಾರಕ್ಕೆ ಎರಡು ದಿನಕ್ಕೆ ಇಳಿದಾಗ, ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ನೀರಿನ ಸುರಂಗ ಕೊರೆಯುತ್ತಿದ್ದ ಕಂಪನಿಯೊಂದಕ್ಕೆ ಮೇಸ್ತ್ರಿಯ ಮೂಲಕ ಸೇರಿಕೊಂಡಿದ್ದ. ದಕ್ಷಿಣದ ಕೆಲಸಗಾರರಿಗೆ ಅನ್ನ ಸಾರು ಮಾಡಿಹಾಕಲು ಕ್ಯಾಂಪಿಗೆ ಒಬ್ಬ ಹೆಂಗಸು ಬೇಕಾಗಿತ್ತು. ಹಾಗಾಗಿ ಅಮ್ಮ ಕಲ್ಲಮ್ಮನೂ ಹೊರಟಳು. ಮಗಳನ್ನು ಹೊಳೆಹೊನ್ನೂರಿನ ಚಿಕ್ಕಪ್ಪ ಶಿವರಾಜನ ಮನೆಯಲ್ಲಿ ಬಿಡುವ ಮಾತು ಬಂತು. ಕಲ್ಲಮ್ಮ ಒಪ್ಪಲಿಲ್ಲ. ಹತ್ತನೆಯ ತರಗತಿಯ ಪುಸ್ತಕಗಳನ್ನು ಜೊತೆಗೆ ಒಯ್ಯುವುದು, ಚಳಿಗಾಲಕ್ಕೆ ಮೊದಲೇ ತಾಯಿ ಮಗಳು ಇಳಿದು ಬರುವುದು, ಮಾರ್ಚಿನಲ್ಲಿ ಹೊರಗಿನಿಂದ ಪರೀಕ್ಷೆಗೆ ಕೂರುವುದು ಎಂದು ಅವಳೇ ತೀರ್ಮಾನ ಮಾಡಿದಳು.

ಸ್ಟೇಷನ್ನಿಗೆ ಬಂದಿದ್ದ ಶಿವರಾಜ ಅತ್ತಿಗೆಯನ್ನು ಕೆಣಕಿದ. "ಫ್ರಿಜ್ ಒಳಗೆ ಸಂಸಾರ ಮಾಡಕ್ಕೆ ಹೊಂಟ್ರಲ್ಲ ಅತ್ತಿಗೆ. ಸೊಪ್ಪು ಬಾಡುತ್ತೆ ಅನ್ನೋ ಚಿಂತೆ ಇಲ್ಲ ಬಿಡಿ."

ಕ್ಯಾಂಪು ಹತ್ತೂವರೆ ಸಾವಿರ ಅಡಿ ಎತ್ತರದಲ್ಲಿ, ಚಂದ್ರಾ ಹೊಳೆಯ ದಂಡೆಯಲ್ಲಿತ್ತು. ತಗಡಿನ ಒಂಬತ್ತು ಶೆಡ್ಡುಗಳು; ಸುತ್ತ ಆಳೆತ್ತರ ಮೀರಿದ ಒಂದು ಮರವೂ ಇಲ್ಲ. ಶಾಲೆ ದೂರದಲ್ಲಿತ್ತು, ಹಿಂದಿಯಲ್ಲಿತ್ತು. ಪ್ರಿಯದರ್ಶಿನಿ ಬೆಳಿಗ್ಗೆ ಅಮ್ಮನಿಗೆ ಈರುಳ್ಳಿ ಹೆಚ್ಚಿಕೊಟ್ಟು, ಮಧ್ಯಾಹ್ನ ವಿಜ್ಞಾನದ ಪುಸ್ತಕವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳಲು ಯಾರೂ ಇಲ್ಲದ್ದರಿಂದ ಆಗಸ್ಟಿನ ಹೊತ್ತಿಗೆ ಮನಸ್ಸಿನಲ್ಲೇ ಓದತೊಡಗಿದಳು.

ಅಕ್ಟೋಬರಿನಲ್ಲಿ ಇಳಿಯಬೇಕಿತ್ತು. ಹಬ್ಬದ ದಿನ ಗಂಡ ಒಬ್ಬನೇ ಇರುವುದು ಬೇಡ, ದೀಪಾವಳಿ ಮುಗಿಸಿಯೇ ಹೊರಡೋಣ ಎಂದು ಕಲ್ಲಮ್ಮ ದಿನ ಮುಂದೂಡಿದಳು. ಹಬ್ಬ ಕಳೆದ ಐದನೆಯ ದಿನ ಹಿಮ ಬಿತ್ತು. ಕಣಿವೆಯಿಂದ ಹೊರಗೆ ಹೋಗುವ ಏಕೈಕ ದಾರಿ ಮುಚ್ಚಿತು. ಸುರಂಗದ ಒಳಗಿನ ಕೆಲಸಕ್ಕೆಂದು ಉಳಿದುಕೊಂಡ ಮೂವತ್ತೊಂದು ಗಂಡಸರ ನಡುವೆ ತಾಯಿ ಮಗಳು ಇಬ್ಬರೇ ಹೆಂಗಸರು.

ಜನವರಿಯಲ್ಲಿ ಕಲ್ಲಮ್ಮನಿಗೆ ಜ್ವರ ಬಂದು ಎದೆ ಕಟ್ಟಿತು. ರೋಗಿಗಳನ್ನು ಹೊರಗೊಯ್ಯುವ ಸರ್ಕಾರಿ ಹೆಲಿಕಾಪ್ಟರಿಗೆ ಹೆಸರು ಬರೆಸಿ ನಾಲ್ಕು ದಿನ ಕಾದರು. ಮೋಡ ತಿಳಿಯಾಗಲಿಲ್ಲ. ಹದಿನೇಳನೆಯ ತಾರೀಕು, ಬೆಳಿಗ್ಗೆ ಹತ್ತೂಕಾಲಿಗೆ, ಅವಳು ತೀರಿಕೊಂಡಳು.

ಅವರ ಮನೆತನದಲ್ಲಿ ಯಾರನ್ನೂ ಸುಟ್ಟವರಿಲ್ಲ. ಎದೆಮಟ್ಟದ ಗುಂಡಿ ತೋಡಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂತ ಭಂಗಿಯಲ್ಲಿ ಸಮಾಧಿ ಮಾಡುವುದು ಪದ್ಧತಿ. ಆರು ಜನ ಹಾರೆ ಹಿಡಿದರು. ಹಾರೆ ಬಿದ್ದಲ್ಲಿ ಕಿಡಿ ಹಾರಿತೇ ಹೊರತು ಮಣ್ಣು ಏಳಲಿಲ್ಲ. ಉಜ್ಜನಪ್ಪ ತನ್ನ ಗ್ಯಾಸ್ ಟಾರ್ಚನ್ನು ನೆಲಕ್ಕೆ ಹಿಡಿದ, ಸಿಲಿಂಡರು ಮುಗಿಯಿತು. ಆಮೇಲೆ ಸೌದೆ ಉರಿಸಿ, ನೆಲ ಮೆತ್ತಗಾದಷ್ಟು ಕೆರೆದು, ಮತ್ತೆ ಉರಿಸಿದರು. ಸಂಜೆಗೆ ಒಂದು ಗೇಣು ಆಳವಾಯಿತು. ಮರುದಿನ ಅರ್ಧ ಗೇಣು. ಹಿಮದಲ್ಲೇ ಇಟ್ಟು ಏಪ್ರಿಲ್ ತನಕ ಕಾಯಬಹುದು ಎಂದು ಯಾರೋ ಹೇಳಿದರು. ನರಿಗಳ ಮಾತು ಬಂದು ಅದೂ ಅಲ್ಲಿಗೇ ನಿಂತಿತು.

ಕ್ಯಾಂಪು ನೋಡಿಕೊಳ್ಳುತ್ತಿದ್ದ ಜಾರ್ಖಂಡಿನ ಸಂಜಯ್ ಇನ್ನು ಸೌದೆ ಉರಿಸಬೇಡಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಉಜ್ಜನಪ್ಪನನ್ನು ಕರಗುತ್ತಿದ್ದ ಸೌದೆಯ ರಾಶಿಯ ಹತ್ತಿರ ಕರೆದುಕೊಂಡು ಹೋಗಿ, ಸುಮ್ಮನೆ ಪಕ್ಕದಲ್ಲಿ ನಿಂತುಕೊಂಡ. ದಾರಿ ತೆರೆಯುವವರೆಗೆ ಎಲ್ಲರೂ ಬೆಂಕಿ ಕಾಯಿಸಿಕೊಳ್ಳಬೇಕಾದ ಸೌದೆ ಅದು.

ಶೆಡ್ಡಿಗೆ ಹಿಂತಿರುಗಿದ ಉಜ್ಜನಪ್ಪ ಬಾಗಿಲಲ್ಲೇ ಕೂತ. "ಏನ್ ಮಾಡಣ ಮಗಾ? ನಂಗೆ ತೋಚ್ತಿಲ್ಲ. ನೀ ಹೇಳು."

"ಸುಟ್‌ಬಿಡಣ ಅಪ್ಪಾಜಿ," ಎಂದಳು ಪ್ರಿಯದರ್ಶಿನಿ.

ಅಮ್ಮನನ್ನು ಇನ್ನು ಹೊರಗೆ ಇಡಬಾರದೆಂದು ಅವಳು ಹಾಗೆ ಹೇಳಿದಳೆಂದು ಉಜ್ಜನಪ್ಪ ತಿಳಿದ. ಕಾರಣ ಬೇರೆಯಿತ್ತು. ಅವರ ಪಾಲಿನ ಸೌದೆಯೆಲ್ಲ ಗುಂಡಿಗೆ ಹೋಗಿ ಎರಡು ದಿನದಿಂದ ಶೆಡ್ಡಿನ ಒಲೆ ಹೊತ್ತಿರಲಿಲ್ಲ. ಕಾಲುಗಳು ಮರಗಟ್ಟಿದ್ದವು. ಒಲೆ ಮತ್ತೆ ಯಾವಾಗ ಹೊತ್ತುವುದು ಎಂಬುದರ ಹೊರತು ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಏನೂ ಇರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿಲ್ಲ.

ಬೂದಿಯಲ್ಲಿ ಲಿಂಗ ಸಿಗಲಿಲ್ಲ. ಉಜ್ಜನಪ್ಪ ಎರಡು ದಿನ ಜಾಲಾಡಿದ.

ಫೆಬ್ರವರಿಯಲ್ಲಿ ಫೋನು ಸಿಕ್ಕಿದಾಗ ಅವನು ತಮ್ಮನಿಗೆ ಸಮಾಧಿ ಮಾಡಿದೆವು ಎಂದ. ಶಿವರಾಜ ವಿವರ ಕೇಳಿದ, ಇವನು ಕೊಟ್ಟ. ಜೂನಿನಲ್ಲಿ ಭದ್ರಾವತಿಗೆ ಮರಳಿದಾಗ ನೆಂಟರು ಒಬ್ಬೊಬ್ಬರಾಗಿ ಕೇಳಿದರು, ವಿವರಗಳು ಬೆಳೆದವು. ಹಿಮದ ಆಳ, ಬೆಂಕಿ, ಹಾರೆ, ಎಲ್ಲವೂ ನಿಜವಾದವೇ. ಗುಂಡಿಯ ಆಳ ಮಾತ್ರ ಸುಳ್ಳು. ಪಕ್ಕದಲ್ಲಿ ಕೂತ ಪ್ರಿಯದರ್ಶಿನಿ ತಲೆಯಾಡಿಸುತ್ತಿದ್ದಳು.

ಎಸ್ಸೆಸ್ಸೆಲ್ಸಿಗೆ ಅವಳು ಎರಡು ಸಲ ಕೂತಳು. ಎರಡು ಸಲವೂ ಗಣಿತ, ವಿಜ್ಞಾನ ಉಳಿದವು. ಶಿವಮೊಗ್ಗದ ದುರ್ಗಿಗುಡಿಯ ಲ್ಯಾಬೊಂದರಲ್ಲಿ ರಕ್ತದ ಸೀಸೆಗಳಿಗೆ ಹೆಸರಿನ ಚೀಟಿ ಅಂಟಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಭದ್ರಾವತಿಯಿಂದ ಹೊರಟು ಸಂಜೆ ಮರಳುತ್ತಾ ಒಂಬತ್ತು ವರ್ಷ ಕಳೆಯಿತು. ನೋಡಲು ಬಂದ ಗಂಡುಗಳ ಕಡೆಯವರು ಮತ್ತೆ ಬರಲಿಲ್ಲ. ಅವಳೂ ಕೇಳಿ ಕಳಿಸಲಿಲ್ಲ.

2024ರ ಆಗಸ್ಟಿನಲ್ಲಿ ಉಜ್ಜನಪ್ಪ ಕಿಡ್ನಿ ಕೈಕೊಟ್ಟು ಶಿವಮೊಗ್ಗದ ಆಸ್ಪತ್ರೆ ಸೇರಿದ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಹೋಗಿ ಕೂರುತ್ತಿದ್ದಳು. ಇಪ್ಪತ್ತೊಂದನೆಯ ತಾರೀಕು ಅವನು ಗಂಜಿಯ ಲೋಟ ಸರಿಸಿ ಅವಳ ಕೈ ಹಿಡಿದ.

"ನನ್ನೂ ಸುಡ್ಸು ಮಗಾ."

"ಚಿಕ್ಕಪ್ಪ ಒಪ್ತಾರಾ ಅಪ್ಪಾಜಿ?"

"ಒಪ್ಪಲ್ಲ. ನಿಜ ಹೇಳ್ಬೇಕಾಗುತ್ತೆ. ನಿಮ್ಮಮ್ಮನ್ನ ಸುಡು ಅಂದಿದ್ದು ನಾನು ಅಂತ ಹೇಳು, ನೀನಲ್ಲ. ಅವಳನ್ನ ಬೆಂಕಿಗೆ ಕೊಟ್ಟು ನಾನು ಮಣ್ಣಲ್ಲಿ ತಣ್ಣಗೆ ಕೂರಕ್ಕಾಗಲ್ಲ."

ಆಗಲಿ ಎಂದು ಅವಳು ಮಾತು ಕೊಟ್ಟಳು. ಆರನೆಯ ದಿನ ಅವನು ಹೋದ.

ಹೊಳೆಹೊನ್ನೂರಿನ ಮನೆಯಂಗಳದಲ್ಲಿ ಹೆಣವನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ. ಐನೋರು ಬಂದಿದ್ದರು. ಹೊಲದಂಚಿನಲ್ಲಿ ಗುಂಡಿ ತೋಡಲು ಜನ ಹೋಗಿಯಾಗಿತ್ತು. ಪ್ರಿಯದರ್ಶಿನಿ ಏಳಲು ಹೊರಟಾಗ ಶಿವರಾಜ ನೆರೆದವರ ಕಡೆ ತಿರುಗಿ ಮಾತಾಡುತ್ತಿದ್ದ.

"ನಮ್ಮಣ್ಣ ದೊಡ್ಡ ಮನೆ ಕಟ್ಲಿಲ್ಲ, ತೋಟ ಮಾಡ್ಲಿಲ್ಲ. ಆದ್ರೆ ಆ ಹಿಮದಲ್ಲಿ, ಕಲ್ಲಾಗಿರೋ ನೆಲ ಅಗೆದು, ಹೆಂಡ್ತೀನ ನಮ್ಮ ಪದ್ಧತಿ ಪ್ರಕಾರ ಕೂರಿಸಿ ಬಂದ. ನನ್ನ ಕೈಲಿ ಆಗ್ತಿರ್ಲಿಲ್ಲ. ನಿಮ್ಮಲ್ಲಿ ಯಾರ ಕೈಲಾಗ್ತಿತ್ತು ಹೇಳಿ."

ಒಬ್ಬ ಮುದುಕ ಕುಳಿತಲ್ಲಿಂದಲೇ ಹೆಣಕ್ಕೆ ಕೈ ಮುಗಿದ. ಉಜ್ಜನಪ್ಪನ ಐವತ್ತೆಂಟು ವರ್ಷಗಳಲ್ಲಿ ಜನ ಎತ್ತಿ ಆಡಲು ಇದ್ದದ್ದು ಅದೊಂದೇ ಎಂಬುದು ಪ್ರಿಯದರ್ಶಿನಿಗೆ ಆಗ ತಿಳಿಯಿತು.

"ಚಿಕ್ಕಪ್ಪ," ಎಂದಳು. "ಅಪ್ಪಾಜಿ ಒಂದು ಮಾತು ಹೇಳಿದ್ರು."

"ಏನವ್ವ?"

ಎಲ್ಲರೂ ಅವಳನ್ನು ನೋಡಿದರು.

"ಜಾಸ್ತಿ ಹೊತ್ತು ಇಡ್ಬೇಡಿ ಅಂದಿದ್ರು."

ಶಿವರಾಜ ಕಣ್ಣೊರೆಸಿಕೊಂಡು ಐನೋರಿಗೆ ಸನ್ನೆ ಮಾಡಿದ. ಮೂರು ಗಂಟೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳೂ ಮೂರು ಹಿಡಿ ಮಣ್ಣು ಹಾಕಿದಳು.

ಮೂರನೆಯ ದಿನ ಹಾಲುತುಪ್ಪ. ಸಮಾಧಿಗೆ ಹಾಲೆರೆದು ಉಳಿದವರು ಮನೆಯತ್ತ ನಡೆದ ಮೇಲೆ ಶಿವರಾಜ ಅವಳನ್ನು ನಿಲ್ಲಿಸಿದ. ಈಗ ಆ ಕಣಿವೆಗೆ ಚಳಿಗಾಲದಲ್ಲೂ ದಾರಿ ಇದೆಯಂತೆ. ಅತ್ತಿಗೆಯ ಸಮಾಧಿಯಿಂದ ಒಂದು ಹಿಡಿ ಮಣ್ಣು ತಂದು ಅಣ್ಣನ ಪಕ್ಕದಲ್ಲಿ ಹಾಕಬೇಕೆಂದು ಅವನಿಗೆ ಆಸೆ. ಜಾಗ ಯಾವ ಕಡೆ ಬರುತ್ತದೆ ಎಂದು ಕೇಳಿದ.

ಅವಳು ಹೇಳಿದಳು: ಕೊನೆಯ ಶೆಡ್ಡಿನ ಹಿಂದೆ, ಹೊಳೆಯಿಂದ ನಲವತ್ತು ಹೆಜ್ಜೆ ಮೇಲೆ.

"ಗುರುತು ಏನಾದ್ರೂ ಇಟ್ಟಿದೀರಾ?"

"ಮೂರು ಕಲ್ಲು," ಎಂದಳು. ಅಪ್ಪ ಎಂದೂ ಹೇಳದ ವಿವರ ಅದು.

"ಸಾಕು, ಸಿಗುತ್ತೆ," ಎಂದ ಶಿವರಾಜ. "ಮಳೆ ನಿಂತ ಮೇಲೆ ಹೋಗಣ. ನೀನೇ ಬಂದು ತೋರಿಸ್ಬೇಕು."

"ಬರ್ತೀನಿ ಚಿಕ್ಕಪ್ಪ."