ತೆಗೆದಿಟ್ಟ ತಲೆದಿಂಬು

ಇಸಿಜಿ ತೆಗೆಯುವ ಮೊದಲು ಎದೆಗೆ ಹಚ್ಚುವ ತಣ್ಣನೆಯ ಜೆಲ್ಲಿಯ ವಾಸನೆ ಈಗಲೂ ಹಾಗೇ ಉಂಟು. ಹೋದ ವಾರ ಪುತ್ತೂರಿನಲ್ಲಿ ಹುಡುಗಿಯೊಬ್ಬಳು ಅದನ್ನು ನನ್ನ ಎದೆಗೆ ಹಚ್ಚಿ, ಅಲುಗಾಡಬೇಡಿ ಎಂದಳು. ನನಗೆ ಅಕ್ಕನ ನೆನಪಾಯಿತು. ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ...

ಅಕ್ಕನನ್ನು ಸುಳ್ಯದ ಕಡೆಯಿಂದ ಕೊಯಿಲಕ್ಕೆ ಕೊಟ್ಟಿದ್ದರು. ಭಾವ ಅಲ್ಲಿಯ ದನಗಳ ಫಾರ್ಮಿನಲ್ಲಿ ಕೆಲಸಕ್ಕಿದ್ದರು. ಬಾಯಿ ತೆರೆದರೆ ತಮಾಷೆ. ಎಂಬತ್ತರ ದಶಕದ ಸುರುವಿನಲ್ಲಿ, ಒಂದು ಜ್ವರ ಬಿಟ್ಟ ಮೇಲೆ ಅವರಿಗೆ ಎದೆನೋವು ಬಂತು. ಪೇಟೆಯ ಆಸ್ಪತ್ರೆಯ ಎಳೆಯ ಡಾಕ್ಟರು ಇಸಿಜಿಯ ಕಾಗದದಲ್ಲಿ ಗೆರೆ ಮೇಲೆದ್ದದ್ದನ್ನು ನೋಡಿ ಹಾರ್ಟ್ ಅಟ್ಯಾಕ್ ಎಂದರು. ಅಲ್ಲೇ ವಾರ್ಡಿಗೆ ಸೇರಿಸಿ, ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಸುರುಮಾಡಿದರು. ಅಂಗಾತ ಮಲಗಿಯೇ ಇರಬೇಕು, ಏಳಲು ಬಿಡಬಾರದು ಎಂದು ಅಕ್ಕನಿಗೆ ತಾಕೀತು ಮಾಡಿದರು. ಆ ಕಾಲದಲ್ಲಿ ಹೃದಯದ ಕಾಯಿಲೆಗೆ ಎಲ್ಲ ಕಡೆ ಹಾಗೆಯೇ ಹೇಳುತ್ತಿದ್ದರು.

ಅಕ್ಕನಿಗೆ ಪಥ್ಯವೆಂದರೆ ಪಥ್ಯ. ಉಪ್ಪು ಕಡಿಮೆ ಮಾಡಿ ಎಂದರೆ ಉಪ್ಪಿನ ಭರಣಿಯನ್ನೇ ಅಟ್ಟಕ್ಕೆ ಹಾಕುವವಳು. ಮಲಗಿದರೆ ಭಾವನಿಗೆ ನೋವು ಹೆಚ್ಚುತ್ತಿತ್ತು. ಎದ್ದು, ತಲೆದಿಂಬನ್ನು ಮಡಿಲಲ್ಲಿಟ್ಟು ಅದರ ಮೇಲೆ ಬಗ್ಗಿದರೆ ಮುಖ ಸಡಿಲವಾಗುತ್ತಿತ್ತು. ಅಕ್ಕ ಕೂಡಲೇ ಹೆಗಲು ಹಿಡಿದು ಮಲಗಿಸುವಳು. ಅವರು ಮತ್ತೆ ಏಳುವರು, ಇವಳು ಮತ್ತೆ ಒತ್ತುವಳು. ಕೊನೆಗೆ ತಲೆದಿಂಬನ್ನೇ ತೆಗೆದು ಮಂಚದ ಅಡಿಗೆ ಹಾಕಿದಳು.

"ಹುಲ್ಲಿನೊಟ್ಟಿಗೆ ತಂತಿ ನುಂಗಿ ಅದು ಎದೆಗೆ ಚುಚ್ಚಿದ ದನ ಮಲಗುದೇ ಇಲ್ಲ ಮಾರಾಯ್ತಿ," ಎಂದರು ಭಾವ. "ಫಾರ್ಮಿನಲ್ಲಿ ಅದನ್ನು ಯಾರೂ ಒತ್ತಿ ಮಲಗಿಸುದಿಲ್ಲ."

"ದನ ಸತ್ತರೆ ಸರ್ಕಾರ ಬೇರೆ ತರ್ತದೆ. ನಾನು ಎಲ್ಲಿಂದ ತರುದು? ಬಾಯಿ ಮುಚ್ಚಿ ಮಲಗಿ."

ಭಾವ ನಕ್ಕರು. ನಗುವಾಗಲೂ ಎದೆ ಹಿಡಿದುಕೊಂಡೇ ಇದ್ದರು...

ಒಂದು ಬೆಳಿಗ್ಗೆ ಕುತ್ತಿಗೆಯ ನರಗಳು ಉಬ್ಬಿ, ಉಸಿರು ಸಿಕ್ಕದೆ ಅವರು ಹೋದರು. ಕೊನೆಯ ಹೊತ್ತಿನಲ್ಲೂ ಏಳಲು ನೋಡಿದರು. ಅಕ್ಕ ಎರಡೂ ಕೈಗಳಿಂದ ಒತ್ತಿ ಹಿಡಿದಿದ್ದಳು.

ಹೆಣ ಒಯ್ಯುವ ಜೀಪಿಗೆ ಕಾಯುತ್ತಿದ್ದಾಗ ಮಂಗಳೂರಿನ ದೊಡ್ಡ ಡಾಕ್ಟರು ಬಂದರು. ವಾರಕ್ಕೊಮ್ಮೆ ಬರುವವರು. ಇಸಿಜಿಯ ಉದ್ದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ನಮ್ಮ ಎದುರಿಗೇ ಎಳೆಯ ಡಾಕ್ಟರಿಗೆ ಪಾಠ ಹೇಳಿದರು. ಅಟ್ಯಾಕ್ ಆದರೆ ಹೃದಯದ ಯಾವುದೋ ಒಂದು ಭಾಗದ ಗೆರೆಗಳು ಮಾತ್ರ ಮೇಲೇಳುತ್ತವಂತೆ. ಇದರಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಎದ್ದಿದೆ, ಅದೂ ಜೋಲಿ ಕಟ್ಟಿದ ಬಟ್ಟೆಯ ಹಾಗೆ ನಡುವೆ ತಗ್ಗಿಕೊಂಡು. ಇದು ಹೃದಯದ ಸುತ್ತಲಿನ ಪೊರೆಯ ಉರಿಯೂತ, ನೀವು ಕೊಟ್ಟ ಇಂಜೆಕ್ಷನಿನಿಂದ ಪೊರೆಯೊಳಗೆ ರಕ್ತ ತುಂಬಿ ಹೃದಯವನ್ನು ಅಮುಕಿರಬೇಕು ಎಂದರು. ಎಳೆಯ ಡಾಕ್ಟರು ನೆಲ ನೋಡುತ್ತಿದ್ದರು.

ಆಮೇಲೆ ದೊಡ್ಡ ಡಾಕ್ಟರು ಅಕ್ಕನ ಕಡೆ ತಿರುಗಿದರು. "ಬಗ್ಗಿ ಕೂತರೆ ನೋವು ಕಡಿಮೆ ಆಗ್ತಿತ್ತಾ ಅಮ್ಮ?"

"ಆಗ್ತಿತ್ತು," ಎಂದಳು ಅಕ್ಕ. "ನಾನು ಕೂರಲಿಕ್ಕೆ ಬಿಡ್ಲಿಲ್ಲ."

"ನೋಡಿ, ಅದೇ ಗುರುತು," ಎಂದು ಅವರು ಎಳೆಯ ಡಾಕ್ಟರಿಗೆ ಹೇಳಿ, ಕಾಗದ ಮಡಚಿ ಕೊಟ್ಟು ಪಕ್ಕದ ಮಂಚಕ್ಕೆ ಹೋದರು.

ಭಾವನ ಜೀವ ತೆಗೆದದ್ದು ಇಂಜೆಕ್ಷನ್, ಮಲಗಿಸಿದ್ದಲ್ಲ ಎಂದು ನಾನು ವರ್ಷಗಟ್ಟಲೆ ಹೇಳಿದೆ. ಅಕ್ಕನದು ಒಂದೇ ಮಾತು. "ಇಂಜೆಕ್ಷನ್ ಕೊಟ್ಟದ್ದು ಡಾಕ್ಟ್ರು. ತಲೆದಿಂಬು ತೆಗೆದದ್ದು ನಾನು."

ಕೊನೆಗಾಲಕ್ಕೆ ಅವಳಿಗೂ ಉಸಿರಾಟದ ಕಷ್ಟ ಬಂತು. ಎತ್ತಿ ಕೂರಿಸಿದರೆ ಹಾಯೆನಿಸುತ್ತಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ನಾವು ಕೈಬಿಟ್ಟ ಕೂಡಲೇ ಜಾರಿ ಅಂಗಾತ ಮಲಗುವಳು. ಬೆನ್ನಿಗೆ ಕೊಟ್ಟ ತಲೆದಿಂಬುಗಳನ್ನು ಒಂದೊಂದಾಗಿ ಎಳೆದು ಮಂಚದಿಂದ ಕೆಳಗೆ ತಳ್ಳುವಳು. ಬೈದೆವು, ಬೇಡಿಕೊಂಡೆವು. ಕೇಳಲಿಲ್ಲ. ಹಾಗೆ ಮಲಗಿಯೇ ಹೋದಳು... ಅಕ್ಕಾ ಎಂದು ಕರೆಯಲು ನನಗೀಗ ಯಾರೂ ಇಲ್ಲ.

ಹುಡುಗಿ ಎದೆಯ ಜೆಲ್ಲಿ ಒರೆಸಿ, "ಆಯ್ತು, ಏಳಬಹುದು," ಎಂದಳು. ನನಗೆ ಕೂಡಲೇ ಏಳಲಾಗಲಿಲ್ಲ.