ಕ್ಯಾತೆ ತೆಗೆಯದ ಗಿರಾಕಿ

ಲವಾನ್ ಪ್ರೂಯಿಟ್ ಯಾರನ್ನೂ ನಂಬುವುದಿಲ್ಲ. ಬೇರೆ ಹೆಂಗಸಿನ ಬಗ್ಗೆ ಹೀಗೆ ಹೇಳಿದರೆ ಚಾಡಿಯಾದೀತು, ಬಂದೂಕಿನ ಅಂಗಡಿ ಇಟ್ಟವಳ ಬಗ್ಗೆ ಹೇಳಿದರೆ ಅದು ಮೆಚ್ಚುಗೆಯೇ. ಮಿಸೌರಿಯ ದಕ್ಷಿಣದ ಗುಡ್ಡಗಾಡಿನ ಟರ್ಕಿ ಫೋರ್ಕ್ ಎಂಬ ಊರಿನಲ್ಲಿ, ದನದ ಮೇವಿನ ಅಂಗಡಿಗೂ ಬ್ಯಾಪ್ಟಿಸ್ಟ್ ಚರ್ಚಿಗೂ ನಡುವೆ ಅವಳ ಅಂಗಡಿ. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷದಿಂದ ಒಬ್ಬಳೇ ನಡೆಸಿಕೊಂಡು ಬಂದಿದ್ದಾಳೆ. ಬಾಗಿಲ ಗಂಟೆ ಅಲುಗಿದರೆ ಸಾಕು, ಕನ್ನಡಕದ ಮೇಲಿಂದ ಕಣ್ಣು ಹಾಯಿಸುತ್ತಾಳೆ. ಮೊದಲು ಬಂದವನ ಕೈ ನೋಡುತ್ತಾಳೆ, ಮುಖ ಆಮೇಲೆ.

ಹುಡುಗಿ ಪಿಸ್ತೂಲು ಕೇಳುತ್ತಿರುವಾಗ ಜೊತೆಗೆ ಬಂದ ಗಂಡು ಇದು, ಅದು ಎಂದು ಗದ್ದದಲ್ಲೇ ತೋರಿಸುತ್ತಿದ್ದರೆ, ಅವಳ ಹೆಸರಿನಲ್ಲಿ ಅವನೇ ಕೊಳ್ಳುತ್ತಿದ್ದಾನೆಂದು ಇಬ್ಬರನ್ನೂ ಹೊರಗೆ ಕಳಿಸುತ್ತಾಳೆ. ಬಾಯಲ್ಲಿ ಪುದೀನ ಮಿಠಾಯಿ ಜಾಸ್ತಿ ಘಮಘಮಿಸಿದರೆ ಅದರ ಹಿಂದೆ ಏನು ವಾಸನೆ ಇದೆಯೋ ಎಂದು ಇನ್ನೊಂದು ಹೆಜ್ಜೆ ಹತ್ತಿರ ಬರುತ್ತಾಳೆ. ಅವಳ ಗಂಡನನ್ನು ಮಣ್ಣು ಮಾಡಿಸಿದ ಪಾದ್ರಿಯೇ ಒಮ್ಮೆ ಬೇಟೆ ಬಂದೂಕಿಗೆ ಬಂದಾಗ, ಅವರ ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದ್ದಳು. ಪಾದ್ರಿಗಳು ಮುಂದಿನ ಭಾನುವಾರ ಸಂದೇಹವೆಂಬ ಪಾಪದ ಮೇಲೆ ಉಪದೇಶ ಮಾಡಿದರು. ಅವಳು ಮುಂದಿನ ಸಾಲಿನಲ್ಲೇ ಕೂತು ಕೇಳಿದಳು.

ಅಂಗಡಿಯ ಹಿಂಭಾಗದಲ್ಲಿ ಸೌದೆ ಒಲೆ, ಅದರ ಸುತ್ತ ಐದು ಕುರ್ಚಿ. ಶನಿವಾರ ಬೆಳಿಗ್ಗೆ ಊರಿನ ಮುದುಕರು ಅಲ್ಲಿ ಸೇರಿ ಕಾಫಿ ಕುಡಿಯುತ್ತ ಒಂದೇ ವಿಷಯಕ್ಕೆ ಮೂವತ್ತು ವರ್ಷದಿಂದ ಕಚ್ಚಾಡುತ್ತಿದ್ದರು. ಮನೆಗೆ ಕಳ್ಳ ನುಗ್ಗಿದರೆ ಯಾವ ಅಳತೆಯ ಗುಂಡು ಕಾಪಾಡುತ್ತದೆ, ಒಂಬತ್ತೋ ನಲವತ್ತೈದೋ? ಒಂಬತ್ತು ಮಿಲಿಮೀಟರಿನವರ ವಾದ ಲವಾನಳದು. ಗುಂಡು ಚಿಕ್ಕದು, ಕೈಗೆ ಒದೆತ ಕಡಿಮೆ, ಪಿಸ್ತೂಲಿನಲ್ಲಿ ಹೆಚ್ಚು ಗುಂಡು ಹಿಡಿಸುತ್ತದೆ, ಹೆದರಿ ನಡುಗುವ ಕೈಯೂ ಎರಡನೇ ಸಲ ಗುರಿಗೆ ಮರಳುತ್ತದೆ, ಪೊಲೀಸರೂ ಈಗ ಅದನ್ನೇ ಕಟ್ಟಿಕೊಂಡು ಓಡಾಡುತ್ತಾರೆ. ಅರ್ಧ ಅಂಗುಲಕ್ಕೆ ತುಸು ಕಡಿಮೆ ದಪ್ಪದ ನಲವತ್ತೈದರ ಪಕ್ಷಕ್ಕೆ ಡೆಲ್ಮರ್ ಸ್ಟ್ರೌಡ್ ಮುಖಂಡ. ಮೂವತ್ತೊಂದು ವರ್ಷ ಜಲ್ಲಿ ರಸ್ತೆಗಳಲ್ಲಿ ಟಪಾಲು ಹಂಚಿದ, ಎಪ್ಪತ್ತನಾಲ್ಕು ವಯಸ್ಸಿನ ಉದ್ದನೆಯ ಆಸಾಮಿ. ಗುಂಡು ದಪ್ಪಗಿರಬೇಕು, ಭಾರವಾಗಿರಬೇಕು, ಒಂದು ಬಿದ್ದರೆ ಎರಡನೆಯದು ಬೇಕಾಗಬಾರದು ಎನ್ನುವುದು ಅವನ ಹಟ. ನೆಟ್ಟಗೆ ತಗುಲದಿದ್ದರೆ ಎಷ್ಟು ದಪ್ಪಗಿದ್ದು ಏನು ಬಂತು ಎಂದು ಲವಾನ್ ಕೇಳಿದರೆ, ಒಂಬತ್ತರವರಿಗೆ ನೆಟ್ಟಗೆ ತಗುಲದೆಂದು ಮೊದಲೇ ಗೊತ್ತು, ಅದಕ್ಕೇ ಅಷ್ಟೊಂದು ತುಂಬಿಕೊಳ್ಳುತ್ತಾರೆ ಎಂದು ಅವನು ನಗುತ್ತಿದ್ದ. ಟರ್ಕಿ ಫೋರ್ಕಿಗೆ ಕಳ್ಳ ಬಂದು ಎಷ್ಟು ಕಾಲವಾಯಿತು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಅವಳ ಸಂಶಯಕ್ಕೆ ಹುಟ್ಟುದಿನವೊಂದಿತ್ತು. ಹದಿನಾಲ್ಕು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಇಸ್ತ್ರಿ ಮಾಡಿದ ಅಂಗಿಯ ಮೇಷ್ಟ್ರೊಬ್ಬರು ಪಕ್ಕದ ಊರಿನಿಂದ ಬಂದರು. ಯಾವ ಅಳತೆ ಎಂದರೆ ಯಾವುದಾದರೂ ಸರಿ ಎಂದರು. ಕೈಯಲ್ಲಿ ಹಿಡಿದು ತೂಕ ನೋಡಲಿಲ್ಲ, ಶುಚಿ ಮಾಡುವ ಎಣ್ಣೆ ಕೇಳಲಿಲ್ಲ, ಕ್ಯಾತೆ ತೆಗೆಯಲಿಲ್ಲ. ಇಪ್ಪತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು. ಪಿಸ್ತೂಲಿನ ಡಬ್ಬಿ ಬೇಡವೆಂದು ಅಲ್ಲೇ ಬಿಟ್ಟುಹೋದರು. ಎಂಥ ಒಳ್ಳೆ ಗಿರಾಕಿ ಎಂದು ಅವಳು ಅಂದು ಖುಷಿಪಟ್ಟಿದ್ದಳು. ಸಂಜೆ ನಾಲ್ಕಕ್ಕೆ ಶೆರೀಫನ ಕಚೇರಿಯಿಂದ ಫೋನ್ ಬಂತು, ಒಂದು ಪಿಸ್ತೂಲಿನ ನಂಬರು ಓದಿ ಇದು ನಿಮ್ಮಲ್ಲಿ ಮಾರಿದ್ದೇ ಎಂದು ಕೇಳಿದರು. ಮೇಷ್ಟ್ರು ತಮ್ಮ ಕಾರಿನಲ್ಲೇ ಕೂತು ಜೀವ ಕಳೆದುಕೊಂಡಿದ್ದರು. ಆ ಖಾಲಿ ಡಬ್ಬಿಯನ್ನು ಎಸೆಯಲು ಅವಳಿಗೆ ಕೈ ಬರಲಿಲ್ಲ, ಮೇಲಿನ ಅಟ್ಟಣೆಯಲ್ಲಿ ಇಟ್ಟಳು. ಅಂದಿನಿಂದ ಜಗಳವಾಡುವ ಗಿರಾಕಿ ಅವಳಿಗೆ ನೆಂಟ, ಜಗಳವಾಡದವನ ಮೇಲೆ ಹದ್ದಿನ ಕಣ್ಣು. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ಡೆಲ್ಮರನ ಹೆಂಡತಿ ನಡೀನ್ ಈ ಫೆಬ್ರವರಿಯಲ್ಲಿ ತೀರಿಕೊಂಡಳು. ಆಮೇಲೆ ಅವನ ಶನಿವಾರದ ಕುರ್ಚಿ ಖಾಲಿಯೇ ಉಳಿಯಿತು. ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಬಾಗಿಲ ಗಂಟೆ ಅಲುಗಿದಾಗ ಲವಾನ್ ಅಭ್ಯಾಸದಂತೆ ಕೈ ನೋಡಿದಳು. ಚರ್ಮ ಸಡಿಲವಾಗಿ, ಮದುವೆ ಉಂಗುರ ಬೆರಳಿನಲ್ಲಿ ತಿರುಗುತ್ತಿದ್ದ ಡೆಲ್ಮರನ ಕೈ ಅದು.

ನಮ್ಮ ಮನೆ ಕಡೆ ಕಳ್ಳತನ ಜಾಸ್ತಿಯಾಗಿದೆ, ಮನೆಯಲ್ಲಿ ಒಂದು ಪಿಸ್ತೂಲು ಇರಲಿ ಅಂತ ಬಂದೆ ಎಂದನು. ನಿನ್ನ ಹಳೆಯ ನಲವತ್ತೈದು ಏನಾಯಿತು ಎಂದು ಕೇಳಿದ್ದಕ್ಕೆ ರೋಲಾ ಪಟ್ಟಣದವನೊಬ್ಬನಿಗೆ ಕೊಟ್ಟೆ ಎಂದ. ಅದು ಅವನಪ್ಪ ಯುದ್ಧದಿಂದ ತಂದದ್ದು, ಮುಟ್ಟಲಿಕ್ಕೂ ಬೇರೆಯವರಿಗೆ ಬಿಡುತ್ತಿರಲಿಲ್ಲ.

"ಸರಿ, ಯಾವ್ದು ತೋರಿಸ್ಲಿ?" ಎಂದಳು.

"ಯಾವ್ದಾದ್ರೂ ಕೊಡು. ಒಂಬತ್ತೇ ಆಗ್ಲಿ."

ಅವಳು ಕಾಯ್ದಳು. ಬೇಕೆಂದೇ, ನಲವತ್ತೈದೆಲ್ಲ ಅಜ್ಜಂದಿರ ಕಾಲದ್ದು, ಕೊನೆಗೂ ನಿನಗೆ ಬುದ್ಧಿ ಬಂತು ಬಿಡು ಎಂದು ಚುಚ್ಚಿದಳು. ಮೂವತ್ತು ವರ್ಷದಲ್ಲಿ ಆ ಮಾತಿಗೆ ಅವನು ಕುರ್ಚಿ ಬಿಟ್ಟು ಏಳದ ದಿನವಿರಲಿಲ್ಲ. ಈಗ ಗಾಜಿನ ಕಪಾಟನ್ನೇ ನೋಡುತ್ತ, ಇರಬಹುದು ಎಂದನು.

ಸರಕಾರಿ ಅರ್ಜಿ ತುಂಬಿಸಿದಳು. ಒಳಗಿನ ಕೋಣೆಗೆ ಹೋಗಿ, ಅಲ್ಲಿಯ ಪದ್ಧತಿಯಂತೆ ಕೊಳ್ಳುವವನ ಪೂರ್ವಾಪರದ ತಪಾಸಣೆಗೆ ಸರಕಾರಿ ಕಚೇರಿಗೆ ಫೋನ್ ಮಾಡಿದಳು. ಆ ಕಡೆಯಿಂದ ಮೂರರಲ್ಲಿ ಒಂದು ಉತ್ತರ ಬರುತ್ತದೆ: ಕೊಡಬಹುದು, ತಡೆಯಿರಿ, ಕೊಡಬೇಡಿ. ಡೆಲ್ಮರನಿಗೆ ಎರಡೇ ನಿಮಿಷದಲ್ಲಿ ಕೊಡಬಹುದು ಎಂದು ಬಂತು. ಅವನ ಹೆಸರಿನ ಮೇಲೆ ಒಂದು ಕಪ್ಪು ಚುಕ್ಕೆಯೂ ಇಲ್ಲ. ಲವಾನ್ ಫೋನ್ ಇಟ್ಟು, ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಳು. ಜನ ಆ ಅರ್ಜಿಯಲ್ಲಿ ಬರೆಯುವ ಸುಳ್ಳುಗಳನ್ನು ವರ್ಷಗಟ್ಟಲೆ ಹಿಡಿದವಳು ಹೊರಗೆ ಬಂದು ತಾನೇ ಒಂದು ಸುಳ್ಳು ಹೇಳಿದಳು. ತಡೆ ಬಂದಿದೆ, ಸೋಮವಾರ ಬಾ ಎಂದಳು.

"ನನ್ ಹೆಸ್ರಿಗೆ ತಡೆ?" ಡೆಲ್ಮರ್ ಅವಳ ಮುಖವನ್ನು ಬಹಳ ಹೊತ್ತು ನೋಡಿದ. "ಸರಿ ಹಾಗಾದ್ರೆ, ಸೋಮವಾರ."

ಅವನು ಹೋದದ್ದೇ ತಡ, ಸ್ಪ್ರಿಂಗ್‌ಫೀಲ್ಡಿನಲ್ಲಿರುವ ಅವನ ಮಗಳು ಟಾಮ್ರಾಳಿಗೆ ಫೋನ್ ಮಾಡಿದಳು. ನಲವತ್ತೈದನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ. ಅಪ್ಪ ಊಟ ಬಿಟ್ಟಿದ್ದಾನೆ, ಮಾತು ಸರಿಯಿಲ್ಲ ಎಂದು ಮಾರ್ಚಿನಲ್ಲಿ ಮಗಳೇ ಮನೆಯಲ್ಲಿದ್ದ ಐದೂ ಬಂದೂಕುಗಳನ್ನು ಹೊತ್ತುಕೊಂಡು ಹೋಗಿದ್ದಳು. ನಿಮ್ಮ ಅಂಗಡಿಗೆ ಬರುತ್ತಾನೆ ಅಂತ ನನಗೆ ಹೊಳೆಯಲೇ ಇಲ್ಲ ಎಂದು ಆ ಹುಡುಗಿ ಅತ್ತಳು. ಲವಾನ್ ಆಮೇಲೆ ಸುತ್ತಲಿನ ಇನ್ನೆರಡು ಅಂಗಡಿಗಳಿಗೂ ಫೋನ್ ಮಾಡಿ, ಡೆಲ್ಮರ್ ಸ್ಟ್ರೌಡ್ ಬಂದರೆ ಕೊಡಬೇಡಿ ಎಂದಳು. ಒಬ್ಬರ ಗಿರಾಕಿಯ ಮಾತು ಇನ್ನೊಬ್ಬರಿಗೆ ಹೇಳುವುದು ಆ ಕಸುಬಿನಲ್ಲಿ ಮರ್ಯಾದೆಯಲ್ಲ. ಹಾಳಾಗಲಿ ಮರ್ಯಾದೆ ಎಂದುಕೊಂಡಳು.

ಸೋಮವಾರ ಬಾಗಿಲು ತೆಗೆಯುವ ಮೊದಲೇ ಅವನು ಮೆಟ್ಟಿಲ ಮೇಲಿದ್ದ. ಒಳಗೆ ಬಂದವನೇ, ತಡೆ ಬಂದಿತ್ತೋ ಇಲ್ಲವೋ ನಿಜ ಹೇಳು ಎಂದ. ಬಂದಿರಲಿಲ್ಲ ಎಂದಳು. ಸುಳ್ಳುಗಾತಿ ಎಂದನು, ಹೌದು ಎಂದಳು. ಆಮೇಲೆ ಸ್ಟೂಲು ಹತ್ತಿ, ಅಟ್ಟಣೆಯಿಂದ ದೂಳು ಹಿಡಿದ ಖಾಲಿ ಡಬ್ಬಿಯನ್ನು ಇಳಿಸಿ ಅವನ ಮುಂದೆ ಇಟ್ಟಳು. ಮೇಷ್ಟ್ರ ಕತೆ ಹೇಳಿದಳು, ಡಬ್ಬಿ ಬೇಡ ಅಂದದ್ದನ್ನೂ ಸೇರಿಸಿ.

"ಅವರೂ ಕ್ಯಾತೆ ತೆಗೀಲಿಲ್ಲ ಡೆಲ್ಮರ್. ನೀನು ಒಂಬತ್ತೇ ಆಗ್ಲಿ ಅಂದೆಯಲ್ಲ, ಅವತ್ತೇ ನಂಗೆ ಗೊತ್ತಾಯ್ತು. ನೀನು ಬೈಕೊಂಡು ತಿರುಗು, ಜನ್ಮದಲ್ಲಿ ನನ್ ಜೊತೆ ಮಾತಾಡ್ಬೇಡ. ನನ್ ಅಂಗಡಿಯಿಂದ ಮಾತ್ರ ನಿನ್ ಕೈಗೆ ಪಿಸ್ತೂಲು ಹೋಗಲ್ಲ."

ಅವನು ಡಬ್ಬಿಯನ್ನು ಮುಟ್ಟಲಿಲ್ಲ. ತಿರುಗಿ ಹೊರಟುಹೋದನು, ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡನೆಂದರೆ ಗಂಟೆ ಕಳಚಿ ಬಿತ್ತು. ಲವಾನಳಿಗೆ ತನ್ನ ದಡ್ಡತನ ಹೊಳೆದದ್ದು ಸ್ಕ್ರೂ ತಿರುಗಿಸಿ ಆ ಗಂಟೆಯನ್ನು ಮತ್ತೆ ಕೂರಿಸುವಾಗ. ಯಾರಿಗೂ ಹೇಳದ ಗುಟ್ಟನ್ನು ಹೇಳಬಾರದವನಿಗೇ ಹೇಳಿಬಿಟ್ಟಿದ್ದಳು. ನಾಳೆ ಡೆಲ್ಮರ್ ಬಂದು ಜಗಳ ತೆಗೆದರೂ ಅದು ನಿಜವಾದ ಜಗಳವೆಂದು ನಂಬುವುದು ಹೇಗೆ?

ಮೂರು ವಾರ ಅವನ ಸುಳಿವಿಲ್ಲ. ಟಾಮ್ರಾ ರಜೆ ಹಾಕಿ ಅಪ್ಪನ ಮನೆಯಲ್ಲೇ ಇದ್ದಾಳೆ, ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಿದ್ದಾಳೆ ಎಂದಷ್ಟೇ ಕಿವಿಗೆ ಬಿತ್ತು. ಜೂನಿನ ಎರಡನೇ ಶನಿವಾರ ಗಂಟೆ ಅಲುಗಿತು. ಡೆಲ್ಮರ್ ನೆಟ್ಟಗೆ ಒಲೆಯ ಹತ್ತಿರ ಹೋಗಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಕಪಾಟಿನ ಮೇಲಿದ್ದ ಒಂಬತ್ತರ ಗುಂಡಿನ ಪೆಟ್ಟಿಗೆ ಎತ್ತಿ ಮೂಗು ಮುರಿದನು.

"ಇದ್ರಲ್ಲಿ ಇಲಿ ಹೊಡೀಬಹುದು. ಅದೂ ಇಲಿ ಒಪ್ಪಿದ್ರೆ."

ಮುದುಕರು ಹೋ ಎಂದು ನಕ್ಕರು. ಲವಾನ್ ನಗಲಿಲ್ಲ. ಅವನ ಕೈ ನೋಡಿದಳು, ಮುಖ ನೋಡಿದಳು, ಮತ್ತೆ ಕೈ ನೋಡಿದಳು. ಉಂಗುರ ಈಗಲೂ ತಿರುಗುತ್ತಿತ್ತು. ಇಷ್ಟು ಚೆನ್ನಾಗಿ ಜಗಳವಾಡುತ್ತಾನಲ್ಲ, ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದನೇ ಎಂದು ಅವಳ ಜೀವ ಹಿಂಡಿತು. ಇನ್ನೊಂದು ಮಾತಿಗೆ ಪಿಸ್ತೂಲು ಕೊಡು ಎನ್ನುತ್ತಾನೆ, ಆಗ ಏನು ಮಾಡಲಿ ಎಂದು ಗಾಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅವನು ಲೋಟ ಹಿಡಿದೇ ಅವಳ ಹತ್ತಿರ ಬಂದು ದನಿ ತಗ್ಗಿಸಿದನು. "ನಾಟಕ ಆಡ್ತಿದಾನೆ ಅಂತ ತಾನೇ ನೋಡ್ತಿರೋದು?"

"ಹೌದು."

"ನಂಬಬೇಡ. ನಂಗೇ ನನ್ ಮೇಲೆ ಪೂರ್ತಿ ನಂಬ್ಕೆ ಇಲ್ಲ ಕಣೆ. ಒಂದಿನ ಇರುತ್ತೆ, ಒಂದಿನ ಇರಲ್ಲ."

ಅವನು ತಿರುಗಿ ಬಾಗಿಲ ಕಡೆ ಕೈ ಮಾಡಿದ. ಟಾಮ್ರಾ ಅಪ್ಪನ ಹಳೆಯ ಟಪಾಲು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದಳು; ಮಾರ್ಚಿನಲ್ಲಿ ಒಯ್ದಿದ್ದ ಐದೂ ಬಂದೂಕು ಅದರಲ್ಲಿದ್ದವು. ಮಗಳ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅಲ್ಲಿ ಇವು ಇರುವುದು ಸರಿಯಲ್ಲ, ನಿನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟುಕೋ ಎಂದನು. ತಾನು ಬಂದು ಕೇಳಿದರೂ ಕೊಡಬಾರದು, ಅತ್ತು ಕೇಳಿದರೂ ಕೊಡಬಾರದು, ಮಗಳು ಜೊತೆಗಿದ್ದು ಹೂಂ ಅಂದರೆ ಮಾತ್ರ. ಎಷ್ಟು ದಿನಕ್ಕೆ ಎಂದು ಲವಾನ್ ಕೇಳಿದಳು. ನಿನ್ನ ಸಂಶಯ ಹೋಗುವವರೆಗೆ ಎಂದನು.

ಹಾಗಾದರೆ ನೀನು ಸಾಯುವವರೆಗೂ ಇಲ್ಲೇ ಇರುತ್ತವೆ ಎಂದು ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಕಣ್ಣು ತುಂಬಿ ಬಂದದ್ದಕ್ಕೆ ಒಲೆಯ ಹೊಗೆಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ, ಜೂನಿನಲ್ಲಿ ಯಾರೂ ಅದನ್ನು ಹೊತ್ತಿಸುವುದಿಲ್ಲ. ಐದಕ್ಕೂ ಚೀಟಿ ಕಟ್ಟಿ, ಒಂದೊಂದನ್ನೇ ಒಳಗೆ ಒಯ್ದು ಇಟ್ಟಳು. ಕೊನೆಯದು ಅವನಪ್ಪನ ನಲವತ್ತೈದು. ಅದನ್ನು ಎತ್ತಿಕೊಂಡಾಗ ಹಿಂದಿನಿಂದ ಡೆಲ್ಮರನ ದನಿ ಕೇಳಿತು.

"ಅದನ್ನ ನಿನ್ ಒಂಬತ್ತುಗಳ ಪಕ್ಕ ಇಡ್ಬೇಡ ಮಾರಾಯ್ತಿ. ಬೇರೆ ಗೂಡು ನೋಡು."

ಅವಳು ಅದಕ್ಕೆ ಬೇರೆ ಗೂಡು ಹುಡುಕಿ ಇಟ್ಟು, ಬಾಗಿಲು ಹಾಕಿ, ಬೀಗದ ಕೈಯನ್ನು ಕತ್ತಿನ ಸರಕ್ಕೆ ಪೋಣಿಸಿಕೊಂಡಳು.